ಹಳೆಯ ಅರದಿಂದ ಮಾಡಿದ ಉಳಿಯ ಬಾಯಿ ಉದುರುತ್ತಿದ್ದುದಕ್ಕೆ ಪರಿಹಾರ

ಸಮಸ್ಯೆ: ಉಳಿ ಚೆನ್ನಾಗಿ ಗಟ್ಟಿಯಾಗುತ್ತಿತ್ತು, ಆದರೆ ತೇಗಕ್ಕೆ ಹೊಡೆದರೆ ಬಾಯಿ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು.

ಸಾಣೆಯ ಕೋನವನ್ನು 25ರಿಂದ 30 ಡಿಗ್ರಿಗೆ ಏರಿಸಿದರೂ ಅಷ್ಟೆ. ನೀರಿನಲ್ಲಿ ಅದ್ದಿದ್ದು ಸೀಳಿತು. ಟೆಂಪರಿಂಗ್ (ಗಟ್ಟಿಯಾದ ಉಕ್ಕನ್ನು ಮತ್ತೆ ಮಿತವಾಗಿ ಕಾಯಿಸಿ ಪೆಡಸು ಇಳಿಸುವುದು) 300 ಡಿಗ್ರಿಗೆ ಒಯ್ದರೆ ಬಾಯಿ ಮಡಚಿಕೊಂಡಿತು. ಕೊನೆಗೆ ಒಂದು ತುಂಡನ್ನು ಮುರಿದು ನೋಡಿದೆ: ಒಳಗೆ ಸಕ್ಕರೆಯಂಥ ದಪ್ಪ ಹರಳು. ಕುಲುಮೆಯ ಅತಿ ಶಾಖದಿಂದ ಬಂದದ್ದು. ಟೆಂಪರಿಂಗ್ ಇದನ್ನು ಸರಿಪಡಿಸುವುದಿಲ್ಲ.

ಒಳ್ಳೆಯ ಅರದಲ್ಲಿ ಇಂಗಾಲ ಸುಮಾರು 1ರಿಂದ 1.2 ಶೇಕಡಾ. ಇಂಗಾಲ 0.8 ಶೇಕಡಾ ದಾಟಿದ ಉಕ್ಕನ್ನು ಕೆಂಪು ಮೀರಿ ಕಾಯಿಸಿದಷ್ಟೂ ಹರಳು ಬೆಳೆಯುತ್ತದೆ, ಹೆಚ್ಚು ಗಟ್ಟಿಯಂತೂ ಆಗುವುದಿಲ್ಲ. (ಅಗ್ಗದ ಅರಗಳಲ್ಲಿ ಮೇಲ್ಪದರ ಮಾತ್ರ ಗಟ್ಟಿ. ಅಂಥದ್ದು ಉಳಿಗೆ ಬೇಡ. ಸಾಣೆಕಲ್ಲಿಗೆ ಹಿಡಿದಾಗ ಕಿಡಿ ದಟ್ಟವಾಗಿ ಸಿಡಿದರೆ ಇಂಗಾಲ ಹೆಚ್ಚಿದೆ.)

ಕೆಲಸ ಮಾಡಿದ ಕ್ರಮ ಇದು. ಮೊದಲು ಅರದ ಹಲ್ಲುಗಳನ್ನು ಪೂರ್ತಿ ಉಜ್ಜಿ ತೆಗೆಯಿರಿ, ಬಿರುಕು ಹುಟ್ಟುವುದು ಆ ಗೆರೆಗಳಲ್ಲೇ. ನಂತರ 870, 815, 760 ಡಿಗ್ರಿ ಸೆಲ್ಸಿಯಸ್‌ಗೆ ಇದೇ ಇಳಿಕೆಯಲ್ಲಿ ಮೂರು ಸಲ ಕಾಯಿಸಿ, ಪ್ರತಿ ಸಲವೂ ನಿಶ್ಚಲ ಗಾಳಿಯಲ್ಲಿ ಕಪ್ಪಾಗುವವರೆಗೆ ಆರಿಸಿ. ಹರಳು ಸಣ್ಣದಾಗುವುದು ಇಲ್ಲೇ, ಅವಸರ ಬೇಡ. ಆಮೇಲೆ 780-790ಕ್ಕೆ ಕಾಯಿಸಿ. ಮಾಪಕ ಇಲ್ಲದಿದ್ದರೆ, ಅಯಸ್ಕಾಂತ ಹಿಡಿಯದಾದ ಮೇಲೆ ಒಂದು ಛಾಯೆ ಹೆಚ್ಚು, ಅಷ್ಟೆ. 55 ಡಿಗ್ರಿಗೆ ಬಿಸಿ ಮಾಡಿದ ಎಣ್ಣೆಯಲ್ಲಿ ನೇರವಾಗಿ, ತುದಿ ಕೆಳಗೆ ಮಾಡಿ ಅದ್ದಿ. ಗಟ್ಟಿಯಾಗಿದ್ದರೆ, ಉಳಿಯ ಮೇಲೆ ಉಜ್ಜಿದ ಹೊಸ ಅರ ಕಚ್ಚದೆ ಜಾರಬೇಕು. ಕೈಗೆ ತಾಳುವಷ್ಟು ಆರಿದ ಕೂಡಲೇ 220 ಡಿಗ್ರಿಯ ಓವನ್‌ನಲ್ಲಿ ಒಂದು ಗಂಟೆ, ಆರಿಸಿ ಮತ್ತೊಂದು ಗಂಟೆ. ಈ ಟೆಂಪರಿಂಗನ್ನು ಮರುದಿನಕ್ಕೆ ಬಿಟ್ಟರೆ ಉಳಿ ತಾನಾಗಿಯೇ ಸೀಳಬಹುದು.

ಈ ಕ್ರಮದಲ್ಲಿ ಮಾಡಿದ ತುಂಡನ್ನು ಮುರಿದರೆ ಒಳಗೆ ನುಣುಪಾದ ಬೂದು ಬಣ್ಣ ಕಾಣುತ್ತದೆ.