ಕಿಟಕಿ ತೊಳೆಯುವ ವ್ಯಾನಿಗೆ ಬಿಸಿನೀರು ಕೂರಿಸುವುದು ಹೇಗೆ?

ಜನವರಿ ತಿಂಗಳು, ಬೆಳಗ್ಗೆ ಏಳೂವರೆ. ಲೀಡ್ಸ್‌ನಲ್ಲಿ ವ್ಯಾನಿನ ಹಿಂಬಾಗಿಲು ತೆಗೆದರೆ ರೀಲಿಗೆ ಸುತ್ತಿದ ಪೈಪು ಕಟ್ಟಿಗೆಯ ಹಾಗೆ ಸೆಟೆದುಕೊಂಡಿರುತ್ತದೆ. ಎಳೆದರೂ ಬಿಚ್ಚಿಕೊಳ್ಳುವುದಿಲ್ಲ. ಇಂಥ ಎರಡು ಚಳಿಗಾಲ ಕಳೆದ ಮೇಲೆ ನಾನು ವ್ಯಾನಿಗೆ ಬಿಸಿನೀರು ಹಾಕಿಸಿದೆ. ಬ್ರಿಟನ್ನಿನಲ್ಲಿ ಈ ಕೆಲಸಕ್ಕೆ ಇಳಿಯುವ ಕನ್ನಡದವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಇಲ್ಲಿ ಈಗ ಏಣಿ ಹತ್ತುವುದು ಕಡಿಮೆ. ಎತ್ತರದ ಕೆಲಸದ ಬಗ್ಗೆ 2005ರಲ್ಲಿ ನಿಯಮ ಬಂದಿತು. ಹೆಚ್ಚಿನವರು ನೆಲದ ಮೇಲೇ ನಿಂತು, ತುದಿಗೆ ಬ್ರಷ್ ಇರುವ ಉದ್ದನೆಯ ಕೋಲಿನಲ್ಲಿ ನೀರು ಹಾಯಿಸಿ ತೊಳೆಯುತ್ತಾರೆ. ಆ ನೀರು ಆರ್‌ಓ ಫಿಲ್ಟರು, ಉಳಿದ ಲವಣ ಹೀರುವ ಡಿಐ ರೆಸಿನ್ ಎರಡನ್ನೂ ದಾಟಿ, ನೀರಿನಲ್ಲಿ ಕರಗಿರುವ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ ಸೊನ್ನೆ ತೋರಿಸಬೇಕು. ಆಗ ಒರೆಸದಿದ್ದರೂ ಗಾಜಿನ ಮೇಲೆ ಕಲೆ ನಿಲ್ಲುವುದಿಲ್ಲ. ಬಿಸಿ ಮಾಡುವುದು ಇದೆಲ್ಲ ಮುಗಿದ ಮೇಲೆಯೇ. ಜಾಸ್ತಿ ಬಿಸಿಯ ನೀರು ಆರ್‌ಓ ಒಳಗಿನ ಸೋಸುವ ಪೊರೆಗೂ (ಮೆಂಬ್ರೇನ್) ರೆಸಿನ್‌ಗೂ ಆಗದು.

ಬಿಸಿ ಮಾಡಲು ಎರಡು ದಾರಿ. ಒಂದು ನಮ್ಮ ಹಂಡೆ ಒಲೆಯ ಹಾಗೆ, ರಾತ್ರಿಯೇ ಇಡೀ ಟ್ಯಾಂಕನ್ನು ಕಾಯಿಸುವುದು. 400 ಲೀಟರ್ ನೀರನ್ನು 10 ಡಿಗ್ರಿಯಿಂದ 45ಕ್ಕೆ ಏರಿಸಲು ಸುಮಾರು 16 ಯೂನಿಟ್ ಕರೆಂಟು ಬೇಕು. 3 ಕಿಲೋವಾಟಿನ ಹೀಟರ್ ಕಾಯಿಲ್‌ಗೆ ಐದೂವರೆ ಗಂಟೆ ಹಿಡಿಯುತ್ತದೆ. ನನಗೆ ಇದು ಒಪ್ಪಿಗೆಯಿಲ್ಲ. 20ರಿಂದ 45 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ; ತುಂತುರಿನ ಜೊತೆ ಉಸಿರಿನಲ್ಲಿ ಒಳಹೋದರೆ ಅದು ನ್ಯುಮೋನಿಯಾ ತರುತ್ತದೆ. ನಾವು ಆ ನೀರಿನ ತುಂತುರಿನ ಕೆಳಗೇ ಇಡೀ ದಿನ ನಿಂತಿರುತ್ತೇವೆ, ಅಲ್ವಾ? ಎರಡನೆಯ ದಾರಿಯೇ ವಾಸಿ: ಟ್ಯಾಂಕು ತಣ್ಣಗೇ ಇರಲಿ, ಹರಿಯುವ ನೀರು ಮಾತ್ರ ಬಿಸಿಯಾಗಲಿ.

ಮೊದಲು ತೂಕ ಲೆಕ್ಕ ಹಾಕಿ. 400 ಲೀಟರ್ ಅಂದರೆ 400 ಕೆ.ಜಿ. ಅದರ ಮೇಲೆ ಫ್ರೇಮು, ರೀಲು, ನೀವು. ವ್ಯಾನು ತಡೆಯುವ ಭಾರ ನೋಡಿಕೊಂಡೇ ಟ್ಯಾಂಕು ಕೊಳ್ಳಿ. ಸುಮ್ನೆ ಬೆಲ್ಟಿನಲ್ಲಿ ಕಟ್ಟಬೇಡಿ. ಫ್ರೇಮನ್ನು ವ್ಯಾನಿನ ತಳಕ್ಕೆ ಬೋಲ್ಟು ಹಾಕಿ ಬಿಗಿಸಿ.

ಆಮೇಲೆ 5 ಕಿಲೋವಾಟಿನ ಡೀಸೆಲ್ ಹೀಟರ್. ಇದು ನೇರವಾಗಿ ನಮ್ಮ ನೀರನ್ನು ಕಾಯಿಸುವುದಿಲ್ಲ, ತನ್ನೊಳಗೆ ಸುತ್ತುವ ಕೂಲೆಂಟನ್ನು (ಕಾರಿನ ರೇಡಿಯೇಟರಿಗೆ ಹಾಕುವಂಥ ದ್ರವ) ಕಾಯಿಸುತ್ತದೆ. ಪ್ಲೇಟ್ ಹೀಟ್ ಎಕ್ಸ್‌ಚೇಂಜರಿನಲ್ಲಿ ಒಂದು ತಗಡಿನ ಆಚೆ ಬಿಸಿ ಕೂಲೆಂಟು, ಈಚೆ ನಮ್ಮ ನೀರು. ಎರಡೂ ಬೆರೆಯದೆ ಬಿಸಿ ಮಾತ್ರ ದಾಟುತ್ತದೆ. ನಿಮಿಷಕ್ಕೆ 2 ಲೀಟರ್ ಹರಿದರೆ 30 ಡಿಗ್ರಿಗೂ ಹೆಚ್ಚು ಏರುತ್ತದೆ. 8 ಡಿಗ್ರಿಯ ನೀರು 40ರ ಹತ್ತಿರ ಬರುತ್ತದೆ, ಅಷ್ಟು ಸಾಕು. ಪೂರ್ತಿ ಉರಿದರೆ ಗಂಟೆಗೆ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ಡೀಸೆಲ್ ಬೇಕು.

ಪಂಪು ಎಕ್ಸ್‌ಚೇಂಜರಿಗಿಂತ ಮೊದಲು, ತಣ್ಣೀರಿನ ಕಡೆ ಇರಬೇಕು. ನನಗೆ ಮೊದಲು ಕೂರಿಸಿಕೊಟ್ಟವರು ಬಿಸಿನೀರಿನ ಕಡೆ ಇಟ್ಟಿದ್ದರು. ಕೆಲವೇ ವಾರಗಳಲ್ಲಿ ಪಂಪಿನೊಳಗಿನ ರಬ್ಬರ್ ಪೊರೆ (ಡಯಾಫ್ರಮ್) ಸೋರತೊಡಗಿತು. ಎಕ್ಸ್‌ಚೇಂಜರ್ ಆದ ಮೇಲೆ ಒತ್ತಡ ಹೆಚ್ಚಾದರೆ ನೀರು ಹೊರಬಿಡುವ ಪ್ರೆಷರ್ ರಿಲೀಫ್ ವಾಲ್ವ್ ಮತ್ತು ಬಿಸಿ ಮಿತಿ ಮೀರದಂತೆ ತಡೆಯುವ ಮಿಕ್ಸಿಂಗ್ ವಾಲ್ವ್ ಹಾಕಿ. ಕರೆಂಟಿಗೆ ಬೇರೆಯದೇ 12 ವೋಲ್ಟಿನ ಬ್ಯಾಟರಿ, ಸರಿಯಾದ ಫ್ಯೂಸು.

ಹೊಗೆಯ ಪೈಪಿಗೆ ಮಾತ್ರ ಅವಸರ ಬೇಡ. ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಉರಿಸಿ ಸತ್ತವರ ಸುದ್ದಿ ನಮ್ಮೂರಿನ ಪತ್ರಿಕೆಗಳಲ್ಲಿ ಓದಿದ್ದೇವೆ. ವ್ಯಾನು ಆ ಬಚ್ಚಲಿಗಿಂತ ಚಿಕ್ಕದು. ಹೀಟರಿನ ಹೊಗೆ ತಳದಿಂದ ಪೂರ್ತಿ ಹೊರಗೆ ಹೋಗಬೇಕು. ಉರಿಯಲು ಬೇಕಾದ ಗಾಳಿಯೂ ಹೊರಗಿನಿಂದಲೇ ಬರಬೇಕು. ಡ್ರೈವರ್ ಸೀಟಿನ ಬಳಿ, ವಾಸನೆಯಿಲ್ಲದ ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡ್ ಪತ್ತೆ ಮಾಡುವ ಅಲಾರಂ ಇರಲೇಬೇಕು. ಚಿಮಣಿಯಿಲ್ಲದ ಗ್ಯಾಸ್ ಹೀಟರನ್ನು ವ್ಯಾನಿನೊಳಗೆ ದಯವಿಟ್ಟು ಇಡಬೇಡಿ. ಈ ಭಾಗವನ್ನು ಬಲ್ಲವರ ಕೈಯಲ್ಲೇ ಮಾಡಿಸಿ.

ಮೊದಲ ಸಲ ಚಾಲೂ ಮಾಡಿದಾಗ ಬ್ರಷ್ಷಿನ ಕೆಳಗೆ ಅಂಗೈ ಹಿಡಿದು ನಿಲ್ಲಿ. ಒಳಅಗಲ 8 ಮಿ.ಮೀ. ಇರುವ 100 ಮೀಟರ್ ಪೈಪಿನಲ್ಲಿ ಸುಮಾರು 5 ಲೀಟರ್ ತಣ್ಣೀರು ಇರುತ್ತದೆ. ಅದು ಖಾಲಿಯಾಗಲು ಎರಡೂವರೆ ನಿಮಿಷ ಬೇಕು. ಮಂಜುಗಟ್ಟಿದ ಗಾಜಿಗೆ ಒಮ್ಮೆಲೇ ಬಿಸಿನೀರು ಬಿಟ್ಟರೆ ಸೀಳಬಹುದು, ಉಗುರುಬೆಚ್ಚಗಿನದರಿಂದ ಶುರು ಮಾಡಿ. ಕೆಲಸ ಮುಗಿದ ಮೇಲೆ ಹೀಟರನ್ನು ಅದರದೇ ಸ್ವಿಚ್ಚಿನಲ್ಲಿ ಆರಿಸಿ. ಒಳಗಿನ ಫ್ಯಾನು ಇನ್ನೂ ಒಂದೆರಡು ನಿಮಿಷ ಗುಂಯ್‌ಗುಡುತ್ತಾ ಒಲೆಯನ್ನು ತಣ್ಣಗೆ ಮಾಡುತ್ತದೆ. ಆ ಸದ್ದು ನಿಂತ ಮೇಲೆಯೇ ಬ್ಯಾಟರಿಯ ಮೇನ್ ಸ್ವಿಚ್ ಆರಿಸಿ.