ಸರ್ವೀಸಿಗೆ ಬಿಡುವ ಮುಂಚೆ ಜಾಬ್ ಕಾರ್ಡ್ ಓದಿ

ನಮ್ಮ ಮನೆ ಕಾರಿಗೆ ಈಗ ಏಳು ವರ್ಷ. ಚಿಕ್ಕಮಗಳೂರಿನಿಂದ ಮಂಗಳೂರಿಗೆ ತಿಂಗಳಿಗೆ ಎರಡು ಸಲವಾದರೂ ಚಾರ್ಮಾಡಿ ಘಾಟಿ ಇಳಿಯುತ್ತೇವೆ. ಇಂಜಿನ್ ಇವತ್ತಿಗೂ ತಕರಾರು ಮಾಡಿಲ್ಲ. ತಲೆನೋವು ಕೊಟ್ಟಿದ್ದು ಸರ್ವೀಸ್ ಬಿಲ್ಲು.

ಹೋದ ಸಲ ನಾನು ಕೇಳದ ಇಂಜಿನ್ ಕ್ಲೀನಿಂಗ್, ಎ.ಸಿ. ಕ್ಲೀನಿಂಗ್ ಎಲ್ಲ ಸುಮ್ನೆ ಸೇರಿಸಿದ್ದರು. ಬ್ರೇಕ್ ಪ್ಯಾಡ್ ಸವೆದಿತ್ತು, ಬದಲಾಯಿಸಿದ್ದೇವೆ ಅಂದರು. ಹಳೇದು ತೋರಿಸಿ ಅಂದೆ. ನೋಡಿದರೆ ಇನ್ನೂ ಅರ್ಧ ದಪ್ಪ ಉಳಿದಿತ್ತು! ಬ್ರೇಕ್ ಆಯಿಲ್ ಮಾತ್ರ ಮುಟ್ಟಿರಲಿಲ್ಲ. ಘಾಟಿ ಇಳಿಯುವ ನಮಗೆ ಅದೇ ಮುಖ್ಯ ಅಲ್ವಾ? ಆ ಆಯಿಲ್ ಗಾಳಿಯ ತೇವ ಹೀರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಜಾಸ್ತಿ ಕಾದರೆ ಆ ನೀರು ಕುದ್ದು ಆವಿಯಾಗಿ ಪೆಡಲ್ ಮೆತ್ತಗಾಗುತ್ತದೆ. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಾಯಿಸಬೇಕು. ನಿಮ್ಮ ಗಾಡಿಯ ಮ್ಯಾನುವಲ್ ಒಮ್ಮೆ ನೋಡಿ.

ಈಗ ಜಾಬ್ ಕಾರ್ಡಿಗೆ, ಅಂದರೆ ಗಾಡಿಗೆ ಏನೇನು ಕೆಲಸ ಮಾಡಬೇಕು ಅಂತ ಸರ್ವೀಸಿನವರು ಬರೆದುಕೊಳ್ಳುವ ಚೀಟಿಗೆ, ಸಹಿ ಹಾಕುವ ಮುಂಚೆ 'ಫೋನ್ ಮಾಡಿ ಕೇಳದೆ ಬೇರೆ ಕೆಲಸ ಬೇಡ, ಹಳೇ ಪಾರ್ಟ್ ವಾಪಸ್ ಕೊಡಬೇಕು' ಅಂತ ಬರೆಸುತ್ತೇನೆ. ಕಿಲೋಮೀಟರ್ ರೀಡಿಂಗಿನ ಫೋಟೊ ಕೂಡ ತೆಗೆದಿಡುತ್ತೇನೆ. ತೋಟದ ಮಣ್ಣು ರಸ್ತೆಯಲ್ಲಿ ಓಡಾಡುವವರು ಏರ್ ಫಿಲ್ಟರ್ ಬೇಗ ಬೇಗ ನೋಡಿಸಿ. ಮತ್ತೆ ಘಾಟಿಯಲ್ಲಿ ಎರಡನೇ ಗೇರಿನಲ್ಲೇ ಇಳಿಯಿರಿ, ನ್ಯೂಟ್ರಲ್ ಬೇಡವೇ ಬೇಡ.