ಕಾಯುವುದಾದರೆ ಯಾವ ತಾರೀಖಿನವರೆಗೆ? 55 ಇಂಚಿನ ಟಿ.ವಿ. ಕೊಂಡ ಲೆಕ್ಕ

ದೊಡ್ಡ ಟಿ.ವಿ. ಕೊಳ್ಳಲು ಹೊರಟವರೆಲ್ಲ ಕೇಳುವುದು ಒಂದೇ ಮಾತು: "ಇನ್ನೊಂದು ಸ್ವಲ್ಪ ದಿನ ತಡೆದರೆ ರೇಟು ಇಳಿಯುತ್ತದಾ?" ಈ ಪ್ರಶ್ನೆಗೆ ಉತ್ತರವೇ ಇಲ್ಲ, ಯಾಕೆಂದರೆ "ಸ್ವಲ್ಪ ದಿನ" ಎಂದೂ ಮುಗಿಯುವುದಿಲ್ಲ. ನಾನು ಅದನ್ನು ಮೂರಾಗಿ ಒಡೆದುಕೊಂಡೆ. ಯಾವುದಕ್ಕೆ ಕಾಯುತ್ತಿದ್ದೇನೆ? ಅದು ಯಾವ ತಾರೀಖಿಗೆ ಬರುತ್ತದೆ? ಬಂದರೆ ನನಗೆ ಎಷ್ಟು ರೂಪಾಯಿ ಉಳಿಯುತ್ತದೆ? ಮೂರಕ್ಕೂ ಉತ್ತರ ಇದ್ದರೆ ಕಾಯಬೇಕು. ಒಂದಕ್ಕೆ ಇಲ್ಲದಿದ್ದರೂ ಟೇಪು ಹಿಡಿದು ಗೋಡೆ ಅಳೆಯಲು ಶುರು ಮಾಡಬೇಕು.

2025ರ ಆಗಸ್ಟ್‌ನಲ್ಲಿ ಮೂರಕ್ಕೂ ಉತ್ತರ ಸಿಗುವ ಅಪರೂಪದ ಸಂದರ್ಭ ಬಂತು. ದೀಪಾವಳಿಯೊಳಗೆ ಜಿಎಸ್‌ಟಿ ಬದಲಾಗುತ್ತದೆ ಎಂದು ಆಗಸ್ಟ್ 15ರ ಭಾಷಣದಲ್ಲಿ ಪ್ರಧಾನಿ ಹೇಳಿದರು. ಸೆಪ್ಟೆಂಬರ್ 3ರ ಜಿಎಸ್‌ಟಿ ಮಂಡಳಿ ಸಭೆಯಲ್ಲಿ 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ತೆರಿಗೆ ಶೇ. 28ರಿಂದ 18ಕ್ಕೆ ಇಳಿಯಿತು, ಸೆಪ್ಟೆಂಬರ್ 22ರಿಂದ ಜಾರಿಗೆ ಬಂತು. 32 ಇಂಚು ಮತ್ತು ಅದಕ್ಕಿಂತ ಚಿಕ್ಕವು ಮೊದಲೇ ಶೇ. 18ರಲ್ಲಿದ್ದವು, ಅವುಗಳಿಗೆ ಕಾದವರಿಗೆ ಏನೂ ಸಿಗಲಿಲ್ಲ. ಶೇ. 10ರಷ್ಟು ಬೆಲೆ ಇಳಿಯುತ್ತದೆ ಎಂದು ಲೆಕ್ಕ ಹಾಕಿದವರೂ ತಪ್ಪಿದರು. ತೆರಿಗೆ ಬೀಳುವುದು ಮೂಲ ಬೆಲೆಯ ಮೇಲೆ. 64,000 ರೂಪಾಯಿಯ ಸೆಟ್ಟಿನ ಮೂಲ ಬೆಲೆ 50,000. ಅದಕ್ಕೆ ಶೇ. 18 ಸೇರಿಸಿದರೆ 59,000. ಉಳಿದದ್ದು 5,000, ಅಂದರೆ ಶೇ. 7.8. ಐದು ವಾರ ಕಾಯಲು ಅದು ಒಳ್ಳೆಯ ಕಾರಣ. ಸೆಪ್ಟೆಂಬರ್ 23ಕ್ಕೆ ಆನ್‌ಲೈನ್ ಹಬ್ಬದ ಮಾರಾಟ ಶುರುವಾಯಿತು, ಅಕ್ಟೋಬರ್ 1ಕ್ಕೆ ಆಯುಧಪೂಜೆ. ನಾನು ಆ ವಾರದಲ್ಲೇ ಟಿ.ವಿ. ಕೊಂಡು ಮುಗಿಸಿದೆ.

ದೀಪಾವಳಿ ಆದಮೇಲೂ "ಇನ್ನೂ ಇಳಿಯಲಿ" ಎಂದು ಕೂತವರಿಗೆ ಮಾತ್ರ ಕಾಯಲು ಕಾರಣ ಇರಲಿಲ್ಲ. ಇಲ್ಲಿ ಜೋಡಿಸುವ ಟಿ.ವಿ.ಗೂ ಗಾಜಿನ ಪ್ಯಾನೆಲ್ ಮತ್ತು ಚಿಪ್‌ಗಳು ಬಹುಪಾಲು ಹೊರಗಿಂದ ಬರುತ್ತವೆ, ಹಣ ಡಾಲರ್‌ನಲ್ಲಿ ಹೋಗುತ್ತದೆ. 2025ರ ಡಿಸೆಂಬರ್‌ನಲ್ಲಿ ಡಾಲರ್ 90 ರೂಪಾಯಿ ದಾಟಿತು. ಅದೇ ಹೊತ್ತಿಗೆ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಏರಿತು. ಎಲೆಕ್ಟ್ರಾನಿಕ್ಸ್ ಸಾಮಾನು ದಿನ ಕಳೆದಂತೆ ಅಗ್ಗವಾಗುತ್ತದೆ ಎಂಬುದು ಹತ್ತು ವರ್ಷದ ಮಟ್ಟಿಗೆ ನಿಜ, ನಾಲ್ಕು ತಿಂಗಳ ಮಟ್ಟಿಗೆ ಅಲ್ಲ.

ಪ್ರತಿ ವರ್ಷ ಬರುವ ಇನ್ನೊಂದು ತಾರೀಖು ಉಂಟು. ಹೊಸ ಮಾದರಿಗಳನ್ನು ಕಂಪನಿಗಳು ಜನವರಿಯಲ್ಲಿ ಲಾಸ್ ವೇಗಸ್‌ನ ಸಿಇಎಸ್ ಪ್ರದರ್ಶನದಲ್ಲಿ ತೋರಿಸುತ್ತವೆ. ಅವು ನಮ್ಮ ಅಂಗಡಿಗಳಿಗೆ ಹೆಚ್ಚಾಗಿ ಬೇಸಿಗೆಯಲ್ಲಿ ಬರುತ್ತವೆ. ಆಗ ಹಿಂದಿನ ವರ್ಷದ ಸ್ಟಾಕ್ ಖಾಲಿ ಮಾಡಲು ರಿಯಾಯಿತಿ ಸಿಗುತ್ತದೆ. ಅದೇ ದುಡ್ಡಿಗೆ ಈ ವರ್ಷದ ಕೆಳದರ್ಜೆಯ ಸೆಟ್ಟು ಬೇಡ, ಹೋದ ವರ್ಷದ ಮೇಲ್ದರ್ಜೆಯದನ್ನು ತೆಗೆದುಕೊಳ್ಳಿ. ಪ್ಯಾನೆಲ್‌ನ ದರ್ಜೆ ಕೊಡುವ ವ್ಯತ್ಯಾಸದ ಮುಂದೆ ಒಂದು ವರ್ಷದ ವ್ಯತ್ಯಾಸ ಸಣ್ಣದು. ಯಾವ ವರ್ಷದ್ದು ಎಂಬುದು ಮಾದರಿಯ ಹೆಸರಿನಲ್ಲೇ ಇರುತ್ತದೆ: ಎಲ್‌ಜಿಯ ಸಿ4 2024ರದು, ಸಿ5 2025ರದು.

ಇನ್ನು ಅಳತೆ. ಸೋಫಾದಲ್ಲಿ ಕೂತು ಕಣ್ಣಿನಿಂದ ಗೋಡೆಗೆ ಟೇಪು ಹಿಡಿಯಿರಿ. ಸೋಫಾದ ಬೆನ್ನಿನಿಂದ ಹಿಡಿದರೆ ಅರ್ಧ ಅಡಿಗೂ ಹೆಚ್ಚು ತಪ್ಪುತ್ತದೆ. ಪರದೆ ಕಣ್ಣಿಗೆ 30 ಡಿಗ್ರಿಯಷ್ಟು ಅಗಲ ಕಾಣಬೇಕಾದರೆ ದೂರವು ಪರದೆಯ ಕರ್ಣದ 1.6 ಪಟ್ಟು ಇರಬೇಕು. 43 ಇಂಚಿಗೆ ಅದು 1.8 ಮೀಟರ್, 55ಕ್ಕೆ 2.3 ಮೀಟರ್, 65ಕ್ಕೆ 2.7 ಮೀಟರ್. ಹತ್ತಡಿ, ಅಂದರೆ 3 ಮೀಟರ್ ದೂರದಿಂದ ನೋಡುವ ಹಾಲ್‌ಗೆ ಈ ಲೆಕ್ಕದಲ್ಲಿ 70 ಇಂಚಿನ ಮೇಲೆಯೇ ಬೇಕು. ಇದು ಸಿನಿಮಾ ನೋಡುವವರ ಲೆಕ್ಕ. ಧಾರಾವಾಹಿ, ನ್ಯೂಸ್ ಹೆಚ್ಚು ನೋಡುವ ಮನೆಗೆ ಒಂದು ಸೈಜು ಕೆಳಗಿಳಿದರೆ ಒಳ್ಳೆಯದು, ಕಾರಣ ಮುಂದೆ ಹೇಳುತ್ತೇನೆ. 55 ಇಂಚಿನ ಪರದೆ 122 ಸೆಂ.ಮೀ. ಅಗಲ, 68 ಸೆಂ.ಮೀ. ಎತ್ತರ. 65 ಇಂಚಿನದು 144 ಮತ್ತು 81. ಹಳೆಯ ನ್ಯೂಸ್‌ಪೇಪರ್ ಅಂಟಿಸಿ ಅಷ್ಟಗಲ ಮಾಡಿ ಗೋಡೆಗೆ ಎರಡು ದಿನ ಹಚ್ಚಿಟ್ಟು ನೋಡಿದರೆ ಮನೆಯವರ ಚರ್ಚೆ ಬೇಗ ಮುಗಿಯುತ್ತದೆ.

ಅಂಗಡಿಯಲ್ಲಿ ಯಾರೂ ಹೇಳದ ಒಂದು ಮಾತು: 55 ಇಂಚಿನಲ್ಲಿ ಫುಲ್ ಎಚ್‌ಡಿಗೂ ಅದರ ನಾಲ್ಕು ಪಟ್ಟು ಚುಕ್ಕಿ (ಪಿಕ್ಸೆಲ್) ಇರುವ 4ಕೆಗೂ ವ್ಯತ್ಯಾಸ ಸಾಮಾನ್ಯ ದೃಷ್ಟಿಯವರಿಗೆ ಕಾಣುವುದು ಸುಮಾರು 2.2 ಮೀಟರ್ ಒಳಗೆ ಕೂತರೆ ಮಾತ್ರ. ಹತ್ತಡಿಯಿಂದ ನೋಡುವವರಿಗೆ ಹೊಸ ಟಿ.ವಿ. ಚೆನ್ನಾಗಿ ಕಾಣುವುದು ಕಪ್ಪು ನಿಜವಾಗಿ ಕಪ್ಪಾಗಿರುವುದರಿಂದ ಮತ್ತು ಬೆಳಕು, ಬಣ್ಣ ಹೆಚ್ಚಿರುವುದರಿಂದ. ಆದ್ದರಿಂದ ದುಡ್ಡು ಹಾಕಬೇಕಾದದ್ದು ಅಲ್ಲಿಗೆ. 4ಕೆಯ ನಾಲ್ಕು ಪಟ್ಟು ಚುಕ್ಕಿಗಳ 8ಕೆಗೆ ಕಾಯುವುದು ಈ ಕಾರಣಕ್ಕೇ ವ್ಯರ್ಥ. ನಮ್ಮಲ್ಲಿ ಒಂದು ಚಾನೆಲ್ ಕೂಡ 8ಕೆಯಲ್ಲಿ ಬರುವುದಿಲ್ಲ.

ನೋಡುವುದು ಏನನ್ನು ಎಂಬುದನ್ನು ಒಂದು ವಾರ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಸಾಮಾನ್ಯ ಎಸ್‌ಡಿ ಚಾನೆಲ್‌ನ ಚಿತ್ರ 720 ಚುಕ್ಕಿ ಅಡ್ಡ, 576 ಚುಕ್ಕಿ ಉದ್ದ. 4ಕೆ ಪರದೆಯಲ್ಲಿ 3840 ಅಡ್ಡ, 2160 ಉದ್ದ. ಸರಿಯಾಗಿ 20 ಪಟ್ಟು ಚುಕ್ಕಿಗಳು. ಬಂದ ಒಂದು ಚುಕ್ಕಿಯಿಂದ ಟಿ.ವಿ. ತಾನೇ 19 ಚುಕ್ಕಿ ಊಹಿಸಿ ತುಂಬಬೇಕು, ಅದಕ್ಕೇ ಮುಖಗಳು ಮೇಣ ಮೆತ್ತಿದಂತೆ ಕಾಣುತ್ತವೆ. ಪರದೆ ದೊಡ್ಡದಾದಷ್ಟೂ ಈ ಕಾಟ ಹೆಚ್ಚು. ಒಂದು ಸೈಜು ಇಳಿಸಿ ಎಂದದ್ದು ಇದಕ್ಕೆ. ಕಲರ್ಸ್ ಕನ್ನಡ, ಜೀ ಕನ್ನಡ, ಸ್ಟಾರ್ ಸುವರ್ಣ, ಉದಯ ಇವುಗಳಿಗೆ ಎಚ್‌ಡಿ ಚಾನೆಲ್ ಇವೆ. ನ್ಯೂಸ್ ಚಾನೆಲ್‌ಗಳು ಹೆಚ್ಚಿನವು ಎಸ್‌ಡಿಯೇ.

ಇಲ್ಲೊಂದು ತಪ್ಪು ಎಷ್ಟೋ ಮನೆಗಳಲ್ಲಿ ಆಗಿರುತ್ತದೆ. ಎಚ್‌ಡಿ ಸೆಟ್‌ಟಾಪ್ ಬಾಕ್ಸ್‌ಗೆ ದುಡ್ಡು ಕಟ್ಟುತ್ತಿರುತ್ತಾರೆ, ಟಿ.ವಿ.ಗೆ ಸಿಕ್ಕಿಸಿರುವುದು ಹಳದಿ-ಕೆಂಪು-ಬಿಳಿ ವೈರು. ಆ ಹಳದಿ ವೈರಿನಲ್ಲಿ ಎಚ್‌ಡಿ ಹರಿಯುವುದೇ ಇಲ್ಲ. ಎಚ್‌ಡಿಎಂಐ ಕೇಬಲ್ ಹಾಕಿ, ಬಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ವಿಡಿಯೋ ಔಟ್‌ಪುಟ್ 1080ಐಗೆ ಇಡಿ, ಚಾನೆಲ್ ನಂಬರ್ ಎಚ್‌ಡಿಯದೇ ಎಂದು ನೋಡಿ. ಎಸ್‌ಡಿ, ಎಚ್‌ಡಿ ಎರಡಕ್ಕೂ ಬೇರೆ ಬೇರೆ ನಂಬರ್ ಇರುತ್ತದೆ, ಕೈ ಅಭ್ಯಾಸದಿಂದ ಹಳೆಯದಕ್ಕೇ ಹೋಗುತ್ತದೆ. ಇಷ್ಟು ಮಾಡಿದ ಮೇಲೆ ಈಗಿರುವ ಟಿ.ವಿ.ಯೇ ಸಾಕು ಎನಿಸಿದರೆ, ಅದು ಕಾಯಲು ಒಳ್ಳೆಯ ಕಾರಣ.

ಒಟಿಟಿ ನೋಡುವವರಿಗೆ ಲೆಕ್ಕ ಬೇರೆ. ನೆಟ್‌ಫ್ಲಿಕ್ಸ್‌ನಲ್ಲಿ 4ಕೆ ಸಿಗುವುದು 649 ರೂಪಾಯಿಯ ಪ್ಲಾನ್‌ನಲ್ಲಿ ಮಾತ್ರ. ಅದಕ್ಕೆ 15 ಎಂಬಿಪಿಎಸ್ ವೇಗ ಬೇಕು, ಗಂಟೆಗೆ 7 ಜಿಬಿವರೆಗೂ ಹೋಗುತ್ತದೆ. ದಿನಕ್ಕೆ ಎರಡು ಗಂಟೆಯಂತೆ ತಿಂಗಳಿಗೆ 420 ಜಿಬಿ. ಫೈಬರ್ ಇಂಟರ್‌ನೆಟ್ ಇದ್ದರೆ ಚಿಂತೆಯಿಲ್ಲ, ಮೊಬೈಲ್ ಹಾಟ್‌ಸ್ಪಾಟ್ ನಂಬಿದವರಿಗೆ ಇದು ಆಗದ ಮಾತು.

ಪ್ಯಾನೆಲ್ ಆರಿಸುವಾಗ ಹಾಲ್‌ನ ಬೆಳಕು ಮತ್ತು ಕೂರುವ ಜಾಗ ನೋಡಿ. ಎಲ್‌ಇಡಿ ಟಿ.ವಿ.ಗಳಲ್ಲಿ ವಿಎ ಮತ್ತು ಐಪಿಎಸ್ ಎಂದು ಎರಡು ಜಾತಿ. ವಿಎಯ ಕಾಂಟ್ರಾಸ್ಟ್ (ಬಿಳಿ-ಕಪ್ಪಿನ ಅಂತರ) 3000ಕ್ಕೆ ಒಂದು ಅಥವಾ ಅದಕ್ಕೂ ಮೇಲೆ, ಐಪಿಎಸ್‌ದು ಸುಮಾರು 1000ಕ್ಕೆ ಒಂದು. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವವರಿಗೆ ವಿಎ. ಪಕ್ಕದ ದಿವಾನದ ಮೇಲೆ, ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುವವರು ಇದ್ದರೆ ಐಪಿಎಸ್, ಯಾಕೆಂದರೆ ವಿಎಯಲ್ಲಿ ಓರೆಯಿಂದ ಬಣ್ಣ ಮಾಸುತ್ತದೆ. ಕ್ಯೂಎಲ್‌ಇಡಿ ಎಂಬ ಹೆಸರು ಬಣ್ಣದ ಪದರವನ್ನು ಮಾತ್ರ ಹೇಳುತ್ತದೆ, ಕಪ್ಪು ಎಷ್ಟು ಕಪ್ಪು ಎಂದು ಹೇಳುವುದಿಲ್ಲ. ಬೆಳಕನ್ನು ಭಾಗ ಭಾಗವಾಗಿ ಆರಿಸುವ ಲೋಕಲ್ ಡಿಮ್ಮಿಂಗ್ ಇದೆಯೇ, ಎಷ್ಟು ಝೋನ್ ಎಂದು ಕೇಳಿ. 300 ನಿಟ್ಸ್ (ಪರದೆಯ ಹೊಳಪಿನ ಅಳತೆ) ಬೆಳಕಿನ, ಡಿಮ್ಮಿಂಗ್ ಇಲ್ಲದ ಸೆಟ್ಟಿನ ಮೇಲೆ ಎಚ್‌ಡಿಆರ್ (ಬೆಳಕು-ಕತ್ತಲೆಯ ಅಂತರ ಹೆಚ್ಚಿರುವ ಚಿತ್ರ) ಎಂದು ಬರೆದಿದ್ದರೆ ಅದು ಆ ಸಂಕೇತವನ್ನು ಓದಬಲ್ಲದು ಎಂದಷ್ಟೇ ಅರ್ಥ, ತೋರಿಸಬಲ್ಲದು ಎಂದಲ್ಲ. 600 ನಿಟ್ಸ್ ಮೇಲಿದ್ದರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ.

ಪ್ರತಿ ಚುಕ್ಕಿಯೂ ತಾನೇ ಬೆಳಗುವ ಓಎಲ್‌ಇಡಿಯ ಚಿತ್ರಕ್ಕೆ ಸಾಟಿಯಿಲ್ಲ. ಆದರೆ ಬೆಳಗ್ಗೆಯಿಂದ ರಾತ್ರಿವರೆಗೆ ನ್ಯೂಸ್ ಚಾನೆಲ್ ಓಡುವ ಮನೆಗೆ ಅದು ಬೇಡವೇ ಬೇಡ. ಕೆಳಗಿನ ಕೆಂಪು ಪಟ್ಟಿ, ಮೂಲೆಯ ಲೋಗೋ ಒಂದೇ ಜಾಗದಲ್ಲಿ ಗಂಟೆಗಟ್ಟಲೆ ನಿಂತರೆ ಅಲ್ಲಿನ ಚುಕ್ಕಿಗಳು ಬೇಗ ಸವೆದು ಅಚ್ಚು ಉಳಿಯುತ್ತದೆ. ಆ ಮನೆಗೆ ಮಿನಿ ಎಲ್‌ಇಡಿ (ಪರದೆಯ ಹಿಂದೆ ಸಣ್ಣ ಸಣ್ಣ ಎಲ್‌ಇಡಿ ದೀಪಗಳಿರುವುದು) ಸರಿ.

ರಿಫ್ರೆಶ್ ರೇಟ್‌ನಲ್ಲಿ, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬುದರಲ್ಲಿ, ಮೋಸ ಹೋಗುವುದು ಸುಲಭ. "ಮೋಷನ್ 240" ಎಂಬಂಥ ಅಂಕಿಗಳನ್ನು ಬದಿಗಿಟ್ಟು ಪ್ಯಾನೆಲ್‌ನ ನೇಟಿವ್ ರೇಟ್ 60 ಹರ್ಟ್ಸೋ 120ಯೋ ಎಂದು ಕೇಳಿ. ಕೆಲವು ಅಗ್ಗದ ಸೆಟ್ಟುಗಳು 120 ಎಂದಾಗ ಪಕ್ಕದಲ್ಲಿ ಡಿಎಲ್‌ಜಿ ಎಂದು ಬರೆದಿರುತ್ತದೆ. ಅದು 60ರ ಪ್ಯಾನೆಲ್, ಚಿತ್ರದ ಅಡ್ಡ ಗೆರೆಗಳನ್ನು ಅರ್ಧ ಮಾಡಿ ವೇಗ ಹೆಚ್ಚಿಸಿಕೊಳ್ಳುತ್ತದೆ. ಗೇಮ್ ಆಡದವರಿಗೆ 60 ಸಾಕು.

ಅಂಗಡಿಗೆ ಪೆನ್‌ಡ್ರೈವ್ ಒಯ್ಯಿರಿ. ಅದರಲ್ಲಿ 4ಕೆ ಅಳತೆಯ ಖಾಲಿ ಚಿತ್ರಗಳು: ಕಡು ಬೂದು, ನಡು ಬೂದು, ಬಿಳಿ, ಕೆಂಪು, ಹಸಿರು, ನೀಲಿ. ಜೊತೆಗೆ ಎರಡು ನಿಮಿಷದ ಕ್ರಿಕೆಟ್ ತುಣುಕು, ಒಂದು ರಾತ್ರಿ ದೃಶ್ಯ. ಮೊದಲು ಅಂಗಡಿಯ ಡೆಮೊ ಮೋಡ್ ತೆಗೆಸಿ, ಪಿಕ್ಚರ್ ಮೋಡ್ ವಿವಿಡ್‌ನಿಂದ ಸಿನಿಮಾ ಅಥವಾ ಫಿಲ್ಮ್‌ಮೇಕರ್‌ಗೆ ಬದಲಿಸಿ. ಬೂದು ಪರದೆಯ ಮೇಲೆ ಕೊಳಕು ಬಟ್ಟೆ ಒರೆಸಿದಂಥ ಪಟ್ಟಿ, ಕಲೆ ಕಂಡರೆ ಚೆಂಡಿನ ಹಿಂದೆ ಕ್ಯಾಮೆರಾ ಓಡುವಾಗ ಹಸಿರು ಮೈದಾನದ ಮೇಲೂ ಅದೇ ಪಟ್ಟಿಗಳು ತೇಲುತ್ತವೆ. ಬಣ್ಣದ ಪರದೆಗಳಲ್ಲಿ ಸತ್ತ ಚುಕ್ಕಿ ಸಿಗುತ್ತದೆ. ಅಂಗಡಿಯ ಸೆಟ್ಟು ಚೆನ್ನಾಗಿದ್ದರೆ ನಿಮಗೆ ಬರುವುದೂ ಚೆನ್ನಾಗಿರುತ್ತದೆ ಎಂದಿಲ್ಲ, ಮನೆಗೆ ಬಂದ ಮೇಲೆ ಇದನ್ನೇ ಮತ್ತೆ ಮಾಡಬೇಕು.

ಸಾಫ್ಟ್‌ವೇರ್ ನಿಧಾನ ಎಂದು ಒಳ್ಳೆಯ ಪ್ಯಾನೆಲ್ ಬಿಡಬೇಡಿ. ಕೆಲವೇ ಸಾವಿರಕ್ಕೆ ಸಿಗುವ ಸ್ಟ್ರೀಮಿಂಗ್ ಸ್ಟಿಕ್ ಅದನ್ನು ಸರಿಮಾಡುತ್ತದೆ. ಕೆಟ್ಟ ಪ್ಯಾನೆಲ್‌ಗೆ ಯಾವ ಮದ್ದೂ ಇಲ್ಲ.

ಕ್ರೆಡಿಟ್ ಕಾರ್ಡ್ ಕಂತಿನಲ್ಲಿ ಕೊಳ್ಳುವವರಿಗೆ ಇಷ್ಟು ತಿಳಿದಿರಲಿ: "ನೋ ಕಾಸ್ಟ್" ಇಎಂಐ ಎಂದರೆ ಬಡ್ಡಿಯಷ್ಟು ಮೊತ್ತವನ್ನು ಮೊದಲೇ ರಿಯಾಯಿತಿ ಮಾಡಿರುತ್ತಾರೆ. ಆ ಬಡ್ಡಿಯ ಮೇಲಿನ ಶೇ. 18 ಜಿಎಸ್‌ಟಿ ಮಾತ್ರ ನಿಮ್ಮ ಮೇಲೇ ಬರುತ್ತದೆ. 59,000 ರೂಪಾಯಿಗೆ 12 ಕಂತು, ಶೇ. 16 ಬಡ್ಡಿ ಹಿಡಿದರೆ ಅದು ಸುಮಾರು 870 ರೂಪಾಯಿ. ಬ್ಯಾಂಕಿನ ಪ್ರೊಸೆಸಿಂಗ್ ಫೀ ಬೇರೆ.

ಗೋಡೆಯ ವಿಷಯ. ನಮ್ಮಲ್ಲಿ ಟಿ.ವಿ.ಯನ್ನು ದೇವರ ಫೋಟೋದಷ್ಟು ಎತ್ತರಕ್ಕೆ ಏರಿಸುತ್ತಾರೆ, ಒಂದು ಸಿನಿಮಾ ಮುಗಿಯುವಷ್ಟರಲ್ಲಿ ಕುತ್ತಿಗೆ ಹಿಡಿಯುತ್ತದೆ. ಕೂತಾಗ ಕಣ್ಣು ನೆಲದಿಂದ ಸುಮಾರು 105 ಸೆಂ.ಮೀ. ಇರುತ್ತದೆ. ಪರದೆಯ ನಡು ಅಲ್ಲಿಗೆ ಬರಬೇಕು, ಅಂದರೆ 55 ಇಂಚಿನ ಕೆಳ ಅಂಚು 70 ಸೆಂ.ಮೀ.ಗೆ. ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟ್‌ಗಳ ಹಗುರ ಎಎಸಿ ಬ್ಲಾಕ್ ಗೋಡೆಯಲ್ಲಿ ಮಾಮೂಲಿ ಪ್ಲಾಸ್ಟಿಕ್ ಪ್ಲಗ್ ಸಡಿಲಾಗಿ ಬರುತ್ತದೆ, ಆ ಬ್ಲಾಕ್‌ಗೆಂದೇ ಇರುವ ಪ್ಲಗ್ ಬೇಕು. ಕರಾವಳಿಯ ಕೆಂಪುಕಲ್ಲಿನ ಗೋಡೆಗೆ ಉದ್ದದ ಬೋಲ್ಟು ಹಾಕಿಸಿ, ಕಲ್ಲು ಪುಡಿಯಾಗಿ ಉದುರಿದರೆ ಜಾಗ ಬದಲಿಸಿ. ಟಿ.ವಿ. ಹಿಂದಿನ ಬೋಲ್ಟು ಹೆಚ್ಚಾಗಿ ಎಂ6 ಅಥವಾ ಎಂ8 (6 ಅಥವಾ 8 ಮಿ.ಮೀ. ದಪ್ಪ). ಉದ್ದ ಹೆಚ್ಚಿನದನ್ನು ಒತ್ತಿ ತಿರುಗಿಸಿದರೆ ಒಳಗಿನ ಬೋರ್ಡಿಗೋ ಪ್ಯಾನೆಲ್‌ಗೋ ತಾಗುತ್ತದೆ, ಆ ಏಟಿಗೆ ವಾರಂಟಿ ಸಿಗುವುದಿಲ್ಲ.

ಮಲೆನಾಡು, ಕರಾವಳಿಯವರಿಗೆ ಏಪ್ರಿಲ್-ಮೇ ತಿಂಗಳ ಗುಡುಗು-ಸಿಡಿಲೇ ದೊಡ್ಡ ಶತ್ರು. ಸ್ಟೆಬಿಲೈಜರ್ ಸಿಡಿಲನ್ನು ತಡೆಯುವುದಿಲ್ಲ. ಮೋಡ ಗುಡುಗಿದರೆ ಪ್ಲಗ್ ಕೀಳಿ, ಜೊತೆಗೆ ಡಿಶ್ ಕೇಬಲನ್ನೂ ಬಾಕ್ಸ್‌ನಿಂದ ಬಿಚ್ಚಿ. ಏಟು ಎಷ್ಟೋ ಸಲ ಆ ಕೇಬಲ್ ಮೂಲಕ ಬಾಕ್ಸ್‌ಗೆ, ಅಲ್ಲಿಂದ ಎಚ್‌ಡಿಎಂಐ ಹಿಡಿದು ಟಿ.ವಿ.ಗೆ ಬರುತ್ತದೆ. ಇಂಟರ್‌ನೆಟ್‌ನ ಫೈಬರ್ ಗಾಜಿನದು, ಅದರಲ್ಲಿ ವಿದ್ಯುತ್ ಹರಿಯದು. ರೌಟರ್‌ನ ಅಡಾಪ್ಟರ್ ಮತ್ತು ಲ್ಯಾನ್ ಕೇಬಲ್‌ನಲ್ಲಿ ಹರಿಯುತ್ತದೆ. ಹಿಂದಿನ ಲೇಬಲ್‌ನಲ್ಲಿ 100–240 ವೋಲ್ಟ್ ಎಂದಿದ್ದರೆ ಕಡಿಮೆ ವೋಲ್ಟೇಜ್‌ಗೆ ಹೆದರಬೇಕಿಲ್ಲ. ನ್ಯೂಟ್ರಲ್ ಕಡಿದು 300 ದಾಟುವ ಊರುಗಳಲ್ಲಿ ಮಾತ್ರ ಹೈ-ವೋಲ್ಟೇಜ್ ಕಟ್‌ಆಫ್ ಇರುವ ಸಾಧನ ಹಾಕಿ.

ಸೆಟ್ಟು ಬರುವಾಗ ನಿಲ್ಲಿಸಿಯೇ ತರಲಿ, ಮಲಗಿಸಿದರೆ ಗಾಜು ಬಾಗಿ ಬಿರುಕು ಬಿಡಬಹುದು. ಪೆಟ್ಟಿಗೆ ಬಿಚ್ಚುವುದನ್ನು ತಡೆಯಿಲ್ಲದೆ ವಿಡಿಯೋ ಮಾಡಿ, ಸೀರಿಯಲ್ ನಂಬರನ್ನು ಬಿಲ್ಲಿನೊಂದಿಗೆ ತಾಳೆ ನೋಡಿ, ತಂದವರು ಇರುವಾಗಲೇ ಆನ್ ಮಾಡಿ ಬೂದು, ಬಿಳಿ ಚಿತ್ರ ಹಾಕಿ. ಬದಲಿಸಿಕೊಡುವ ಅವಧಿ ಎಷ್ಟು ದಿನ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಅಷ್ಟರೊಳಗೆ ಪ್ರತಿ ಎಚ್‌ಡಿಎಂಐ ಕಿಂಡಿಗೂ ಬಾಕ್ಸ್ ಸಿಕ್ಕಿಸಿ ನೋಡಿ, ಒಟಿಟಿಯಲ್ಲಿ 4ಕೆ ಗುರುತು ಬರುತ್ತದೆಯೇ ನೋಡಿ, ಎರಡು-ಮೂರು ರಾತ್ರಿ ದೀಪ ಆರಿಸಿ ಮೂಲೆಗಳಲ್ಲಿ ಬೆಳಕು ಸೋರುತ್ತದೆಯೇ ನೋಡಿ. ಅಲ್ಲಿಯವರೆಗೆ ಕಾರ್ಟನ್ನೂ ಥರ್ಮೋಕೋಲೂ ಅಟ್ಟದ ಮೇಲೇ ಇರಲಿ, ಅವಿಲ್ಲದೆ ಸೆಟ್ಟನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.